ಹುಳ ಬದುಕಿದೆ, ಊಟ ನಿಂತಿದೆ

ಸಂಜೆ ಬಿಟಿ (ಎಲೆ ತಿನ್ನುವ ಹುಳ ಕೊಲ್ಲುವ ಒಂದು ಬ್ಯಾಕ್ಟೀರಿಯಾದ ಔಷಧಿ) ಸಿಂಪಡಿಸಿ ಬೆಳಗ್ಗೆ ಹೋಗಿ ನೋಡಿದರೆ ಹುಳ ಎಲೆ ಮೇಲೆ ಹಾಗೇ ಕೂತಿರುತ್ತದೆ. ಮುಟ್ಟಿದರೆ ಅಲ್ಲಾಡುತ್ತದೆ. ‘ಈ ಜೈವಿಕ ಔಷಧಿ ಎಲ್ಲ ಸುಮ್ನೆ’ ಅಂತ ಅವತ್ತೇ ರಾಸಾಯನಿಕ ಹೊಡೆಯುವವರು ಜಾಸ್ತಿ. ಅವರು ಹುಳ ಬಿಟ್ಟು ಅದರ ಹಿಕ್ಕೆ ನೋಡಬೇಕಿತ್ತು. ಹೊಸ ಹಿಕ್ಕೆ ಬಿದ್ದಿದೆಯಾ? ಎಲೆಯಲ್ಲಿ ಹೊಸ ತೂತು ಕಾಣುತ್ತಿದೆಯಾ? ಎರಡೂ ಇಲ್ಲವಾದರೆ ಔಷಧಿ ಕೆಲಸ ಮಾಡಿದೆ. ಹುಳ ಸಾಯಲು ಇನ್ನೂ ಎರಡು ಮೂರು ದಿನ ಹಿಡಿಯಬಹುದು, ಅಷ್ಟೇ. ಬೆಳೆ ಉಳಿಯಲು ಹುಳ ತಿನ್ನುವುದು ನಿಂತರೆ ಸಾಕಲ್ವಾ?

ಬಿಟಿ ಅಂದರೆ ಬ್ಯಾಸಿಲಸ್ ತುರಿಂಜಿಯೆನ್ಸಿಸ್. ಈ ಬ್ಯಾಕ್ಟೀರಿಯಾ ಬೀಜಕವಾಗುವಾಗ, ಅಂದರೆ ಗಟ್ಟಿ ಹೊದಿಕೆಯೊಳಗೆ ಸುಪ್ತವಾಗುವಾಗ, ತನ್ನೊಳಗೇ ಪ್ರೋಟೀನಿನ ಒಂದು ಹರಳನ್ನೂ ಕಟ್ಟುತ್ತದೆ. ನನಗೆ ತುಂಬ ಇಷ್ಟವಾದ ಭಾಗ ಇದೇ. ಹರಳು ಹರಳಾಗಿರುವ ತನಕ ಯಾರಿಗೂ ಏನೂ ಮಾಡುವುದಿಲ್ಲ. ಹುಳ ಎಲೆ ಜೊತೆ ಅದನ್ನೂ ನುಂಗಬೇಕು. ನಮ್ಮ ಹೊಟ್ಟೆಯೊಳಗೆ ಆಮ್ಲ. ಎಲೆ ತಿನ್ನುವ ಹುಳದ ಕರುಳಿನಲ್ಲಿ ಅದಕ್ಕೆ ತದ್ವಿರುದ್ಧ, ಜೋರಾದ ಕ್ಷಾರ. ಆ ಕ್ಷಾರದಲ್ಲಿ ಹರಳು ಕರಗುತ್ತದೆ. ಆಮೇಲೆ ಹುಳದ ಜೀರ್ಣರಸವೇ ಪ್ರೋಟೀನಿನ ಒಂದಷ್ಟು ಭಾಗ ಕತ್ತರಿಸಿ ಹಾಕುತ್ತದೆ. ಉಳಿದ ತುಂಡೇ ವಿಷ. ಅಂದರೆ ತನ್ನನ್ನು ಕೊಲ್ಲುವ ವಿಷವನ್ನು ಹುಳ ತಾನೇ ತಯಾರು ಮಾಡಿಕೊಳ್ಳುತ್ತದೆ! ಈ ತುಂಡುಗಳು ಕರುಳಿನ ಜೀವಕೋಶಗಳ ಮೇಲಿನ ನಿರ್ದಿಷ್ಟ ಜಾಗಗಳಿಗೆ ಅಂಟಿಕೊಂಡು, ಗುಂಪು ಸೇರಿ, ರಂಧ್ರ ಕೊರೆಯುತ್ತವೆ. ಕರುಳು ಜರಡಿಯಂತಾಗುತ್ತದೆ, ಬಾಯಿ ನಿಲ್ಲುತ್ತದೆ, ಕರುಳಿನಲ್ಲಿದ್ದ ಬ್ಯಾಕ್ಟೀರಿಯಾಗಳು ಮೈಯೊಳಗೆ ನುಗ್ಗುತ್ತವೆ. ಅಂಟಿಕೊಳ್ಳಲು ಬೇಕಾದ ಆ ಜಾಗಗಳು ನಮ್ಮ ಕರುಳಿನಲ್ಲಿ ಇಲ್ಲ.

‘ನೈಸರ್ಗಿಕ, ಹಾಗಾಗಿ ಹುಳ ಇದಕ್ಕೆ ಒಗ್ಗಿಕೊಳ್ಳುವುದಿಲ್ಲ’ ಎಂಬ ಮಾತು ಮಾತ್ರ ಶುದ್ಧ ಮೂಢನಂಬಿಕೆ. ಕೋಸು ತಿನ್ನುವ ವಜ್ರಬೆನ್ನಿನ ಪತಂಗ ಹವಾಯಿಯ ಹೊಲಗಳಲ್ಲಿ ಬಿಟಿ ಸಿಂಪಡಣೆಗೆ ನಿರೋಧಕ ಶಕ್ತಿ ಬೆಳೆಸಿಕೊಂಡದ್ದು 1990ರಲ್ಲೇ ವರದಿಯಾಗಿತ್ತು. ವಾರ ವಾರ ಅದನ್ನೇ ಹೊಡೆದರೆ ಹುಳಗಳಿಗೆ ಪಾಠ ಹೇಳಿಕೊಟ್ಟ ಹಾಗೆ.

ಇನ್ನು ಇತಿಹಾಸ. ಬಿಟಿ ಮತ್ತು ಅದರಂತೆ ಬೆಳೆ ಕಾಯುವ ಒಂದು ಶಿಲೀಂಧ್ರ, ಎರಡೂ ಮೊದಲು ಸಿಕ್ಕಿಬಿದ್ದದ್ದು ರೇಷ್ಮೆ ಮನೆಯಲ್ಲಿ, ಅಪರಾಧಿಗಳಾಗಿ. ರೇಷ್ಮೆ ಹುಳದ ಸುಣ್ಣಕಟ್ಟು ರೋಗಕ್ಕೆ ಒಂದು ಶಿಲೀಂಧ್ರ ಕಾರಣ ಅಂತ 1835ರಲ್ಲಿ ತೋರಿಸಿದವನು ಇಟಲಿಯ ಅಗೊಸ್ಟಿನೊ ಬಾಸ್ಸಿ. ರೋಗಕ್ಕೆ ಸೂಕ್ಷ್ಮಜೀವಿ ಕಾರಣ ಅಂತ ಮುಂದೆ ತೋರಿಸಿ ಹೆಸರಾದ ಲೂಯಿ ಪಾಸ್ಚರ್ ಆಗ ಇನ್ನೂ ಹುಡುಗ. ಸುಣ್ಣ ಬಳಿದಂತೆ ಬೆಳ್ಳಗಾಗಿ ಸೆಟೆದುಕೊಂಡ ಹುಳ ನೋಡಿದವರಿಗೆ ಆ ಹೆಸರು ಯಾಕೆ ಅಂತ ಹೇಳಬೇಕಿಲ್ಲ. ಬಾಸ್ಸಿಯ ನೆನಪಿಗೆ ಶಿಲೀಂಧ್ರದ ಹೆಸರು ಬೊವೇರಿಯಾ ಬಾಸ್ಸಿಯಾನಾ. ಬಿಟಿಯನ್ನೂ 1901ರಲ್ಲಿ ಜಪಾನಿನ ಇಶಿವಾಟಾ ಬೇರ್ಪಡಿಸಿದ್ದು ಕಾಯಿಲೆ ಬಿದ್ದ ರೇಷ್ಮೆ ಹುಳದಿಂದ. ಜರ್ಮನಿಯ ಬರ್ಲಿನರ್‌ಗೆ 1911ರಲ್ಲಿ ಅದು ಸಿಕ್ಕಿದ್ದು ಹಿಟ್ಟಿನ ಪತಂಗದ ಮರಿಯಲ್ಲಿ. ಆ ಹಿಟ್ಟು ತುರಿಂಜಿಯಾ ಪ್ರಾಂತ್ಯದ್ದು. ಇದೆಲ್ಲ ಹಳೇ ಕಥೆ ಅಂತ ಬಿಡುವ ಹಾಗಿಲ್ಲ. ಹಿಪ್ಪುನೇರಳೆ ತೋಟದ ಪಕ್ಕದಲ್ಲಿ ಇವೆರಡನ್ನೂ ಸಿಂಪಡಿಸಬಾರದು.

ಬಿಳಿನೊಣ, ಸಸ್ಯಹೇನುಗಳಿಗೆ ಬಿಟಿ ಹೊಡೆದು ಪ್ರಯೋಜನವಿಲ್ಲ. ಅವು ಎಲೆ ಕಚ್ಚಿ ತಿನ್ನುವುದಿಲ್ಲ, ಒಳಗಿನ ರಸ ಹೀರುತ್ತವೆ. ಎಲೆ ಮೇಲಿನ ಹರಳು ಅವುಗಳ ಹೊಟ್ಟೆಗೆ ಹೋಗುವುದೇ ಇಲ್ಲ. ಅಲ್ಲಿ ಬೊವೇರಿಯಾ ಬೇಕು. ಅದರ ಬೀಜಕ ಕೀಟದ ಮೈಗೆ ತಾಗಿದರೆ ಸಾಕು. ಮೊಳೆತು, ಚರ್ಮ ಕರಗಿಸಿಕೊಂಡು ಒಳಗೆ ಇಳಿಯುತ್ತದೆ. ಆದರೆ ಮೊಳೆಯಲು ತೇವ ಬೇಕು. ಬಿಸಿಲಿನ ನೇರಳಾತೀತ ಕಿರಣ ಬಿಟಿಗೂ ಆಗದು, ಇದಕ್ಕೂ ಆಗದು. ಅದಕ್ಕೇ ಎರಡನ್ನೂ ಸಂಜೆ ಸಿಂಪಡಿಸುವುದು, ಅದೂ ಹುಳ ಇನ್ನೂ ಮರಿಯಾಗಿರುವಾಗ.

ರೋಗಕ್ಕೂ ಆಯ್ತು, ಹುಳಕ್ಕೂ ಆಯ್ತು ಅಂತ ಒಂದೇ ಟ್ಯಾಂಕಿಗೆ ಶಿಲೀಂಧ್ರನಾಶಕ ಮತ್ತು ಬೊವೇರಿಯಾ ಎರಡನ್ನೂ ಸುರಿಯುವವರಿದ್ದಾರೆ. ಬೊವೇರಿಯಾ ಕೂಡ ಶಿಲೀಂಧ್ರವೇ ತಾನೇ?