ಅರ್ಧ ಗಂಟೆ ಬಿಟ್ಟು ಕುಡಿದರೆ ಸಾಲದೇ?

ಪ್ರಶ್ನೆ: ಡಾಕ್ಟರರು ಬರೆದ ಮಾತ್ರೆಯ ಜೊತೆ ಕಷಾಯ, ಅರಿಷ್ಟ ತೆಗೆದುಕೊಳ್ಳಬಹುದೇ? ನಾನಂತೂ ನಡುವೆ ಅರ್ಧ ಗಂಟೆ ಬಿಡುತ್ತೇನೆ. – ಬ್ರಹ್ಮಾವರದ ಓದುಗರೊಬ್ಬರು

ಉತ್ತರ: ಉಡುಪಿಯಲ್ಲಿ ಔಷಧಿ ಅಂಗಡಿಯ ಕೌಂಟರಿನ ಹಿಂದೆ ನಿಂತು ಈ ಪ್ರಶ್ನೆಗೆ ಎಷ್ಟು ಸಲ ಉತ್ತರಿಸಿದ್ದೇನೋ, ಲೆಕ್ಕವಿಟ್ಟಿಲ್ಲ. ಕೆಲವನ್ನು ಒಟ್ಟಿಗೆ ತೆಗೆದುಕೊಳ್ಳಬಹುದು, ಕೆಲವನ್ನು ಕೂಡದು. ಯಾವುದು ಎಂದು ಹೇಳಲು ಎರಡೂ ಮದ್ದಿನ ಹೆಸರು ಬೇಕು. ನೀವು ಒಂದರ ಹೆಸರನ್ನೂ ಬರೆದಿಲ್ಲ. ಅರ್ಧ ಗಂಟೆಯನ್ನು ಮಾತ್ರ ಬರೆದಿದ್ದೀರಿ. ಆದ್ದರಿಂದ ಅದರ ಬಗ್ಗೆಯೇ ಹೇಳುತ್ತೇನೆ.

ಈ ಅರ್ಧ ಗಂಟೆ ಆಕಾಶದಿಂದ ಬಿದ್ದದ್ದಲ್ಲ. ಥೈರಾಯ್ಡ್ ಮಾತ್ರೆಯನ್ನು ಬರಿಹೊಟ್ಟೆಯಲ್ಲಿ ನುಂಗಿ ತಿಂಡಿ ಕಾಫಿಗೆ ಅರ್ಧದಿಂದ ಒಂದು ಗಂಟೆ ಕಾಯಬೇಕು. ಕಬ್ಬಿಣದ ಅಥವಾ ಕ್ಯಾಲ್ಸಿಯಂ ಮಾತ್ರೆಯಾದರೆ 4 ಗಂಟೆ. ಇವು ಹೊಟ್ಟೆಯೊಳಗೇ ಒಂದನ್ನೊಂದು ಹಿಡಿದುಕೊಂಡು, ರಕ್ತಕ್ಕೆ ಸೇರಬೇಕಾದ ಮದ್ದನ್ನು ಸೇರಲು ಬಿಡುವುದಿಲ್ಲ. ಹೊಟ್ಟೆಯಲ್ಲಿ ಜಗಳವಾಡುವ ಮದ್ದುಗಳಿಗೆ ಅಂತರ ನಿಜವಾಗಿಯೂ ಪರಿಹಾರ. ನಮ್ಮವರು ಅದನ್ನೇ ಹಿಡಿದು ಎಲ್ಲದಕ್ಕೂ ಹಚ್ಚಿಬಿಟ್ಟರು.

ಹೆಚ್ಚಿನ ಜಗಳ ನಡೆಯುವುದು ಹೊಟ್ಟೆಯಲ್ಲಿ ಅಲ್ಲ, ರಕ್ತದಲ್ಲಿ ಮತ್ತು ಪಿತ್ತಜನಕಾಂಗದಲ್ಲಿ. ಹೃದಯದ ಕವಾಟ ಬದಲಾಯಿಸಿಕೊಂಡವರು ರಕ್ತ ಹೆಪ್ಪುಗಟ್ಟದಿರಲೆಂದು ನುಂಗುವ ವಾರ್ಫರಿನ್ ಮಾತ್ರೆಯನ್ನು ನೋಡಿ. ಅದರ ಅರ್ಧ ಭಾಗ ಮೈಯಿಂದ ಇಳಿಯಲು ಸುಮಾರು 40 ಗಂಟೆ ಬೇಕು. ಎರಡು ದಿನ ಉಳಿಯಲು ಬಂದ ಇಬ್ಬರು ನೆಂಟರು ಅರ್ಧ ಗಂಟೆ ಹಿಂದುಮುಂದಾಗಿ ಮನೆ ಹೊಕ್ಕರೆ ಮುಖಾಮುಖಿಯಾಗುವುದಿಲ್ಲವೇ?

ಕಳೆದ ಮಳೆಗಾಲದಲ್ಲಿ ಒಬ್ಬ ಅಮ್ಮ ಸಕ್ಕರೆ ಕಾಯಿಲೆಯ ಮಾತ್ರೆ ಗ್ಲಿಮೆಪಿರೈಡಿನ ಚೀಟಿ ಹಿಡಿದು ಬಂದರು. ಹೊರಗೆ ಧಾರಾಕಾರ ಮಳೆ, ತಂಪು ಗಾಳಿ. ಅವರ ಹಣೆಯಲ್ಲಿ ಮಾತ್ರ ಬೆವರು. ಚೀಟಿ ಹಿಡಿದ ಕೈ ನಡುಗುತ್ತಿತ್ತು. ಬೆರಳು ಚುಚ್ಚಿ ನೋಡಿದರೆ ಸಕ್ಕರೆ 58. ಗ್ಲುಕೋಸ್ ಪುಡಿ ಕಲಸಿ ಕುಡಿಸಿ ಕೂರಿಸಿದೆ. ಚೇತರಿಸಿಕೊಂಡ ಮೇಲೆ ಹೇಳಿದರು: ನೆರೆಮನೆಯವರ ಮಾತು ಕೇಳಿ ದಿನಾ ಮಧುನಾಶಿನಿ ಪುಡಿ, ಮೇಲಿಂದ ಒಂದು ಲೋಟ ಹಾಗಲಕಾಯಿ ರಸ. "ಮಾತ್ರೆ ನುಂಗಿ ಸರಿಯಾಗಿ ಅರ್ಧ ಗಂಟೆ ಬಿಟ್ಟೇ ಕುಡಿಯುವುದು ಮಾರಾಯರೇ," ಎಂದು ಕೈಗಡಿಯಾರ ತೋರಿಸಿದರು. ಗಡಿಯಾರದ ತಪ್ಪೇನೂ ಇರಲಿಲ್ಲ. ಮಾತ್ರೆಯೂ ಸಕ್ಕರೆ ಇಳಿಸುತ್ತದೆ, ಮಧುನಾಶಿನಿಯೂ ಇಳಿಸುತ್ತದೆ; ಎರಡೂ ತಂತಮ್ಮ ಕೆಲಸವನ್ನು ನಿಷ್ಠೆಯಿಂದ ಮಾಡಿದ್ದವು.

ಶಂಖಪುಷ್ಪಿ ಸಿರಪ್ಪಿನದು ಬೇರೆಯೇ ದಾರಿ. ಫಿಟ್ಸಿಗೆ ಫೆನಿಟಾಯಿನ್ ನುಂಗುತ್ತಿದ್ದವರು ಅದನ್ನು ಕುಡಿದಾಗ ಫಿಟ್ಸ್ ಹತೋಟಿ ತಪ್ಪಿದ್ದನ್ನು ನಮ್ಮ ದೇಶದ ವೈದ್ಯರೇ ದಾಖಲಿಸಿದ್ದಾರೆ. ಕೆಮ್ಮಿಗೆಂದು ತಿಂಗಳುಗಟ್ಟಲೆ ಜ್ಯೇಷ್ಠಮಧು ಜಗಿದರೆ ರಕ್ತದೊತ್ತಡ ಏರಬಹುದು, ಪೊಟ್ಯಾಸಿಯಂ ಇಳಿಯಬಹುದು. ನೀರು ಇಳಿಸುವ ಮಾತ್ರೆಯೂ ಇದ್ದರೆ ಇನ್ನಷ್ಟು ಇಳಿಯುತ್ತದೆ. ಹಾಗೆಂದು ಸಾರಿಗೆ ಹಾಕುವ ಕಾಳುಮೆಣಸು, ಬೆಳ್ಳುಳ್ಳಿಗೆ ಹೆದರಬೇಡಿ. ಒಗ್ಗರಣೆಯ ಪ್ರಮಾಣ ಬೇರೆ, ಡಬ್ಬಿಯಲ್ಲಿ ಬರುವ ಸಾರದ ಪ್ರಮಾಣ ಬೇರೆ. ಶಸ್ತ್ರಚಿಕಿತ್ಸೆ ಇದ್ದವರು ಮಾತ್ರ ಅಂಥ ಡಬ್ಬಿಗಳ ವಿಷಯವನ್ನು ಎರಡು ವಾರ ಮೊದಲೇ ಡಾಕ್ಟರರ ಕಿವಿಗೆ ಹಾಕಬೇಕು.

ಹಾಗಾದರೆ ಒಂದೇ ಪದ್ಧತಿಗೆ ಅಂಟಿಕೊಳ್ಳಬೇಕೇ? ಹಾಗೆ ಹೇಳಲು ನಮ್ಮ ಕರಾವಳಿಯೇ ಬಿಡುವುದಿಲ್ಲ. ಫಾದರ್ ಮುಲ್ಲರ್ 1880ರಲ್ಲಿ ಮಂಗಳೂರಿನ ಕಂಕನಾಡಿಯ ಆಲದ ಮರದಡಿ ಕೊಡಲು ತೊಡಗಿದ್ದು ಹೋಮಿಯೋಪತಿ ಮದ್ದು. ಇಂದು ಅದೇ ಸಂಸ್ಥೆ ಅಲೋಪತಿ ಕಾಲೇಜನ್ನೂ ಹೋಮಿಯೋಪತಿ ಕಾಲೇಜನ್ನೂ ನಡೆಸುತ್ತಿದೆ. ಸೋಮವಾರ ಮಣಿಪಾಲ, ಗುರುವಾರ ಕುತ್ಪಾಡಿಯ ಆಯುರ್ವೇದ ಆಸ್ಪತ್ರೆ ಎಂದು ಓಡಾಡುವವರು ನನ್ನ ಗಿರಾಕಿಗಳಲ್ಲೇ ಎಷ್ಟೋ ಮಂದಿ. ಅದರಲ್ಲಿ ತಪ್ಪಿಲ್ಲ. ಅಲ್ಲಿ ಕೊಟ್ಟದ್ದನ್ನು ಇಲ್ಲಿ ಮುಚ್ಚಿಡುತ್ತಾರಲ್ಲ, ತಾಪತ್ರಯ ಅಲ್ಲಿಂದ ಶುರು. ಬೈಯುತ್ತಾರೆಂಬ ಹೆದರಿಕೆಯಂತೆ. ಬೈದರೆ ಬೈಯಲಿ, ಮನೆಯಲ್ಲಿರುವ ಎಲ್ಲ ಮದ್ದನ್ನೂ ಒಂದು ಚೀಲಕ್ಕೆ ತುಂಬಿ ಎರಡೂ ಕಡೆ ಮೇಜಿನ ಮೇಲೆ ಸುರಿಯಿರಿ.

ಇನ್ನೊಂದು ವಿಷಯ; ಯಾರೂ ಕೇಳಲಿಲ್ಲ, ಆದರೂ ಹೇಳಿಬಿಡುತ್ತೇನೆ. ನಮ್ಮ ತುಳುನಾಡಿನ ರೂಢಿಯಂತೆ ಆಟಿ ಅಮಾವಾಸ್ಯೆಯ ಬೆಳಗ್ಗೆ ಪಾಲೆ ಮರದ ತೊಗಟೆಯ ಕಷಾಯ ಕುಡಿಯುವ ಸಕ್ಕರೆ ಕಾಯಿಲೆಯವರು ಆ ದಿನದ ಗ್ಲಿಮೆಪಿರೈಡನ್ನು ಬರಿಹೊಟ್ಟೆಯ ಕಷಾಯದ ಜೊತೆ ನುಂಗಬೇಡಿ, ಮೆಂತೆ ಗಂಜಿ ಎದುರಿಗೆ ಬಂದ ಮೇಲೆ ನುಂಗಿ. ಆದರೆ ಅದಕ್ಕಿಂತ ದೊಡ್ಡ ಅಪಾಯ ಮಾತ್ರೆಯದಲ್ಲ, ಮರದ್ದು. ನಸುಕಿನ ಕತ್ತಲಲ್ಲಿ ಪಾಲೆಯೆಂದು ಕಾಸರಕ ಮರದ ತೊಗಟೆ ಕೆತ್ತಿ ತಂದರೆ ಅದರಲ್ಲಿರುವುದು ಸ್ಟ್ರಿಕ್ನಿನ್ ಎಂಬ ವಿಷ. ಮೈ ಸೆಟೆದು ಪ್ರಾಣಕ್ಕೇ ಬರುತ್ತದೆ. ಪಾಲೆಯ ಎಲೆ ಒಂದೇ ಗಿಣ್ಣಿನಲ್ಲಿ ಏಳರ ಆಸುಪಾಸು ಸುತ್ತ ಹರಡಿರುತ್ತದೆ, ಗಾಯ ಮಾಡಿದರೆ ಬಿಳಿ ಹಾಲು ಸುರಿಯುತ್ತದೆ. ಕಾಸರಕದ ಎಲೆ ಎದುರುಬದುರು ಜೋಡಿಯಾಗಿರುತ್ತದೆ, ಹಾಲಿಲ್ಲ. ಅಜ್ಜ ಇದನ್ನೆಲ್ಲ ಕತ್ತಲಿಗೆ ಬಿಡುತ್ತಿರಲಿಲ್ಲ. ಹಿಂದಿನ ಸಂಜೆ ಬೆಳಕಿರುವಾಗಲೇ ಗುಡ್ಡಕ್ಕೆ ಹೋಗಿ, ಎಲೆ ಎಣಿಸಿ, ಮರಕ್ಕೆ ನೂಲು ಕಟ್ಟಿ ಬರುತ್ತಿದ್ದರು. ಬೆಳಗ್ಗೆ ತೊಗಟೆ ಕೆತ್ತಲು ಕಲ್ಲು ಹಿಡಿದು ಹೋದವರು ಮೊದಲು ತಡಕುತ್ತಿದ್ದದ್ದು ಆ ನೂಲನ್ನು.