ಪತ್ರ ಕಾದಂಬರಿ: 47 ಮೊದಲು, 48 ಆಮೇಲೆ

ಬೇರೆಯವರ ಹೆಸರಿಗೆ ಬಂದ ಕಾಗದ ಒಡೆಯಬಾರದು. ಪತ್ರಗಳಲ್ಲೇ ಕಥೆ ಹೇಳುವ ಪತ್ರ ಕಾದಂಬರಿ ಓದುವವರು ಮೊದಲ ಪುಟದಿಂದ ಮಾಡುವುದು ಅದನ್ನೇ. ಈ ಪ್ರಕಾರದ ಸೆಳೆತಕ್ಕೆ ‘ಆಪ್ತತೆ’ ಎಂಬ ಕಾರಣ ಕೊಟ್ಟು ಮುಗಿಸುವುದು ಸುಲಭ, ಆದರೆ ಅದು ಅರ್ಧ ಉತ್ತರ. ಪ್ರತಿ ಪತ್ರಕ್ಕೂ ಇಬ್ಬರು ಓದುಗರು: ವಿಳಾಸದಲ್ಲಿ ಇರುವವರು ಮತ್ತು ನಾವು. ನಮಗೆ ಗೊತ್ತಿದ್ದೂ ಅವರಿಗೆ ಗೊತ್ತಿಲ್ಲದ ಸಂಗತಿಯಲ್ಲೇ ರಸವಿದೆ.

ಇದಕ್ಕೆ ಉದಾಹರಣೆಯಾಗಿ ಫ್ರೆಂಚ್ ಸೇನೆಯ ಫಿರಂಗಿ ದಳದ ಅಧಿಕಾರಿ ಲಾಕ್ಲೋ 1782ರಲ್ಲಿ ಪ್ರಕಟಿಸಿದ ‘ಲೆ ಲಿಯೇಝೋಂ ದಾಂಜರ್ಯೂಝ್’ ಸಾಕು. ‘ಅಪಾಯದ ಸಂಬಂಧಗಳು’ ಎಂದು ಅರ್ಥ. ಒಟ್ಟು 175 ಪತ್ರ, ನಾಲ್ಕು ಭಾಗ. ಕಥೆ ನಡೆಯುವುದು ಆಗಸ್ಟ್‌ನಿಂದ ಜನವರಿವರೆಗೆ.

47ನೇ ಪತ್ರದಲ್ಲಿ, ಹೆಂಗಸರನ್ನು ಬಲೆಗೆ ಬೀಳಿಸುವುದೇ ಆಟವಾದ ವಾಲ್ಮೋಂ ತನ್ನ ಸಂಚಿನ ಜೊತೆಗಾತಿ ಮೆರ್ತೆಯ್‌ಗೆ ಬರೆಯುತ್ತಾನೆ: ಎಮಿಲಿ ಎಂಬ ವೇಶ್ಯೆಯ ಜೊತೆ ರಾತ್ರಿ ಕಳೆದೆ, ಅವಳ ಮೈಯನ್ನೇ ಮೇಜು ಮಾಡಿಕೊಂಡು, ನಾನು ಒಲಿಸಿಕೊಳ್ಳಲು ಹೊರಟಿರುವ ಗೃಹಿಣಿ ತೂರ್ವೆಲ್‌ಗೆ ಪ್ರೇಮಪತ್ರ ಬರೆದೆ. ಪತ್ರದ ಮೇಲೆ ಪ್ಯಾರಿಸ್ಸಿನ ಠಸ್ಸೆ ಬೀಳಬೇಕು, ಅದಕ್ಕೇ ತೆರೆದೇ ಕಳಿಸಿದ್ದೇನೆ, ಓದಿ, ಮುದ್ರೆ ಒತ್ತಿ ಅಂಚೆಗೆ ಹಾಕು. ನಿನ್ನ ಸ್ವಂತ ಮುದ್ರೆ ಮಾತ್ರ ಬೇಡ. ಪುಟ ತಿರುವಿದರೆ 48ನೇ ಪತ್ರ. ನಿದ್ದೆಯಿಲ್ಲದ ರಾತ್ರಿ, ತಳಮಳ, ತಾನು ಬರೆಯುತ್ತಿರುವ ಮೇಜೇ ಪ್ರೇಮದ ಪವಿತ್ರ ವೇದಿಕೆ ಎಂಬ ಮಾತು! ತೂರ್ವೆಲ್‌ಗೆ ಇದು ವಿರಹ. ನಮಗೆ ಪ್ರತಿ ವಾಕ್ಯಕ್ಕೂ ಎರಡು ಅರ್ಥ, ನಗು ಬರುತ್ತದೆ, ಬೆನ್ನಿಗೇ ನಕ್ಕಿದ್ದಕ್ಕೆ ನಾಚಿಕೆಯೂ. ಎರಡೂ ಪತ್ರಗಳ ಸ್ಥಾನ ಅದಲುಬದಲು ಮಾಡಿ ಓದಿ ನೋಡಿ. 48 ಬರೀ ಸವಕಲು ಪ್ರೇಮಪತ್ರವಾಗುತ್ತದೆ, 47 ಅದಕ್ಕೆ ಬರೆದ ಅಡಿಟಿಪ್ಪಣಿಯಾಗುತ್ತದೆ. ಇಲ್ಲಿ ನಿರೂಪಕ ಬಾಯಿ ಬಿಡುವುದಿಲ್ಲ. ಪತ್ರಗಳನ್ನು ಜೋಡಿಸಿದ ಕ್ರಮವೇ ನಿರೂಪಣೆ.

104, 105, 106ನ್ನೂ ಒಟ್ಟಿಗೆ ಓದಬೇಕು. ಸೆಸೀಲ್ ಎಂಬ ಹುಡುಗಿಯ ತಾಯಿಗೆ ಮೆರ್ತೆಯ್ ಒಂದು ಬುದ್ಧಿವಾದ ಹೇಳುತ್ತಾಳೆ, ಸೆಸೀಲ್‌ಗೆ ಇನ್ನೊಂದು. ಆ ಹುಡುಗಿಯ ಬಗ್ಗೆ ತನ್ನ ನಿಜವಾದ ತಾತ್ಸಾರವನ್ನು ಹೊರಹಾಕುವುದು ವಾಲ್ಮೋಂಗೆ ಬರೆದಾಗ. 105ರ ತಾ.ಕ. ಬಿಡಬೇಡಿ: ಕಾಗದ ಬರೆಯುವುದು ಓದುವವರಿಗಾಗಿ, ನಿನಗಾಗಿ ಅಲ್ಲ, ಆದ್ದರಿಂದ ನಿನ್ನ ಮನಸ್ಸಿನಲ್ಲಿರುವುದಕ್ಕಿಂತ ಅವರಿಗೆ ಹಿಡಿಸುವುದನ್ನು ಬರೆ ಎಂದು ಸೆಸೀಲ್‌ಗೆ ಹೇಳುತ್ತಾಳೆ. ಇಷ್ಟಾದ ಮೇಲೂ ‘ಪತ್ರದಲ್ಲಿ ಪಾತ್ರದ ಅಂತರಂಗ ತೆರೆದುಕೊಳ್ಳುತ್ತದೆ’ ಎಂದು ಉತ್ತರಪತ್ರಿಕೆಯಲ್ಲಿ ಬರೆಯುವವರಿದ್ದಾರೆ.

ಈ ಪ್ರಕಾರ ಎಡವುವ ಜಾಗಗಳೂ ಇವೆ. ಎದುರಿಗೇ ಸಿಗುವವರು ಯಾಕೆ ಬರೆಯಬೇಕು? ಲಾಕ್ಲೋ ವಾಲ್ಮೋಂನನ್ನು ಹಳ್ಳಿಯಲ್ಲಿರುವ ಸೋದರತ್ತೆಯ ಬಂಗಲೆಗೆ ಕಳಿಸಿ, ಮೆರ್ತೆಯ್‌ಳನ್ನು ಪ್ಯಾರಿಸ್ಸಿನಲ್ಲಿ ಉಳಿಸುತ್ತಾನೆ. ಸೆಸೀಲ್‌ಗೆ ಅಮ್ಮನ ಕಾವಲು, ಹಾಗಾಗಿ ಅವಳ ಪ್ರೇಮಿ ದಾನ್ಸೆನಿಯ ಚೀಟಿ ಹಾರ್ಪ್ ವಾದ್ಯದ ತಂತಿಗಳ ನಡುವೆ ಬರುತ್ತದೆ. ಪತ್ರಗಳೆಲ್ಲ ಒಂದೇ ಕಡೆ ಸೇರಿದ್ದು ಹೇಗೆ? ಸಾಯುವ ವಾಲ್ಮೋಂ ತನ್ನ ಕಟ್ಟನ್ನು ದಾನ್ಸೆನಿಗೆ ಒಪ್ಪಿಸುತ್ತಾನೆ, ಅದರಲ್ಲಿನ ಎರಡು ಪತ್ರ ಬಯಲಾಗಿ ಮೆರ್ತೆಯ್‌ಳ ಮಾನ ಹೋಗುತ್ತದೆ. ಪತ್ರ ಇಲ್ಲಿ ಸುದ್ದಿಯೂ ಹೌದು, ಆಯುಧವೂ ಹೌದು.

ಇನ್ನೊಂದು ಗುಂಡಿ ‘ಈಗಲೇ ಬರೆಯುತ್ತಿದ್ದೇನೆ’ ಎಂಬ ವರಸೆ. ಇಂಗ್ಲಿಷ್ ಕಾದಂಬರಿಕಾರ ರಿಚರ್ಡ್‌ಸನ್‌ನ ‘ಪಮೇಲಾ’ (1740) ಅದರಿಂದಲೇ ಗೆದ್ದಿತು, ಮರುವರ್ಷವೇ ‘ಶಮೇಲಾ’ದಲ್ಲಿ ಫೀಲ್ಡಿಂಗ್ ಅದನ್ನು ಲೇವಡಿ ಮಾಡಿದ: ಗಂಡಸು ಕೋಣೆಗೆ ನುಗ್ಗುತ್ತಿದ್ದರೂ ನಾಯಕಿಯ ಲೇಖನಿ ನಿಲ್ಲುವುದಿಲ್ಲ. ಒಬ್ಬನ ಪತ್ರಗಳೇ ಹೆಚ್ಚಾಗಿರುವ ಗಯಟೆಯ ‘ವೆರ್ಥರ್’ (1774) ಕೊನೆಗೆ ಸಂಪಾದಕನೊಬ್ಬನನ್ನು ಕರೆತರಲೇಬೇಕಾಯಿತು. ಸತ್ತವನು ತನ್ನ ಸಾವನ್ನು ಬರೆಯಲಾರ.

ಎಲ್ಲರ ಒಕ್ಕಣೆಯೂ ಒಂದೇ ಆದರೆ ಕಾದಂಬರಿ ಸತ್ತಂತೆ. ಇದನ್ನು ಪರೀಕ್ಷಿಸಲು ಹೆಸರು ಮುಚ್ಚಿ ನಾಲ್ಕು ಸಾಲು ಓದಿ, ಬರೆದವರು ಯಾರೆಂದು ಹೇಳಿ. ಹದಿನೈದರ ಸೆಸೀಲ್ 1ನೇ ಪತ್ರದಲ್ಲಿ, ಅಳತೆ ತೆಗೆಯಲು ಮಂಡಿಯೂರಿದ ಚಮ್ಮಾರನನ್ನು ಮದುವೆ ಗಂಡೆಂದು ತಿಳಿದು ಕಿರುಚಿದ್ದನ್ನು ಏದುಸಿರಿನಲ್ಲಿ ಹೇಳುತ್ತಾಳೆ. ಆಮೇಲೆ 117 ತೆಗೆಯಿರಿ. ಬರೆದ ಕೈ ಅವಳದೇ, ಆದರೆ ಹೇಳಿ ಬರೆಸಿದವನು ವಾಲ್ಮೋಂ.