ಫ್ರೆಂಚಿನಲ್ಲಿ ‘ಛೀ’ ಅನ್ನುವ ಮುನ್ನ

ಫ್ರೆಂಚ್ ಕಲಿಯಲು ಬಂದವರು ಮೊದಲ ವಾರವೇ ‘ಐ ಲವ್ ಯೂ’ಗೆ ಏನನ್ನುತ್ತಾರೆ ಎಂದು ಕೇಳುತ್ತಾರೆ. ‘ಥೂ’ಗೆ ಏನನ್ನುತ್ತಾರೆ ಎಂದು ಕೇಳಿದವರನ್ನು ನಾನು ಕಂಡಿಲ್ಲ. ಆದರೆ ಫ್ರಾನ್ಸಿಗೆ ಹೋದ ಮೇಲೆ ಯಾರಾದರೂ ಅಕ್ಕರೆಯಿಂದ ‘ಆಂದುಯೆತ್’ ಬಡಿಸಿದರೆ, ಅಂದರೆ ಹಂದಿಯ ಕರುಳಿನ ಸಾಸೇಜ್, ತಟ್ಟೆ ತಲುಪುವ ಮೊದಲೇ ವಾಸನೆ ತಲುಪಿರುತ್ತದೆ, ತುರ್ತಾಗಿ ಬೇಕಾಗುವುದು ಆ ಪದವೇ.

ಉದ್ಗಾರ ಸುಲಭ: ‘ಬೆರ್ಕ್’. ಇಂಗ್ಲಿಷಿನ ‘ಯಕ್’. ಆದರೆ ಊಟದ ಮೇಜಿನಲ್ಲಿ ಹಾಗಂದರೆ ಅಲ್ಲಿನ ಮಕ್ಕಳಿಗೂ ಬೈಗುಳ ಬೀಳುತ್ತದೆ. ‘ಜ ನೆಮ್ ಪಾ’, ನನಗೆ ಇಷ್ಟವಿಲ್ಲ ಅನ್ನು ಎಂದು ತಿದ್ದುತ್ತಾರೆ. ದೋಷ ಅಡುಗೆಯದಲ್ಲ, ನನ್ನ ನಾಲಿಗೆಯದು ಎಂಬ ಸೌಜನ್ಯ.

ಮುಂದಿನ ಮೆಟ್ಟಿಲು ‘ದೆಗೂತಾಂ’, ಇಂಗ್ಲಿಷಿನ ‘ಡಿಸ್ಗಸ್ಟಿಂಗ್’. ‘ಗೂ’ ಎಂದರೆ ರುಚಿ, ‘ದೆ’ ಅದನ್ನು ಕಿತ್ತುಕೊಳ್ಳುವ ಉಪಸರ್ಗ. ನಮ್ಮ ‘ಅರುಚಿ’ ಹುಟ್ಟಿದ್ದೂ ಹೀಗೇ ಅಲ್ಲವೆ? ಬಲೆ ಇರುವುದು ಇದರ ತಮ್ಮ ‘ದೆಗೂತೆ’ಯಲ್ಲಿ. ‘ಜ ಸ್ವಿ ದೆಗೂತೆ’ ಎಂದರೆ ಅಸಹ್ಯವಾಯಿತು ಎಂದು ನಿಘಂಟು ಹೇಳುತ್ತದೆ, ಅದು ಸುಳ್ಳೂ ಅಲ್ಲ. ಆದರೆ ಹುಡುಗರು ಹಾಗನ್ನುವುದು ಒಂದು ನಿಮಿಷದಲ್ಲಿ ರೈಲು ತಪ್ಪಿದಾಗ, ಗೆಳೆಯನಿಗೆ ಸಿಕ್ಕ ಟಿಕೆಟ್ ತನಗೆ ಸಿಗದಿದ್ದಾಗ. ಇಂಗ್ಲಿಷರು ‘ಗಟೆಡ್’ ಅನ್ನುತ್ತಾರೆ. ನಾನು ತರಗತಿಯಲ್ಲಿ ‘ಹೊಟ್ಟೆ ಉರಿದುಹೋಯ್ತು’ ಅಂತ ಬರೆಸುತ್ತೇನೆ; ಅದರಲ್ಲಿರುವ ಚೂರು ಮತ್ಸರವೂ ಹೊಂದುತ್ತದೆ.

ಇನ್ನು ‘ದೆಗೆಲಾಸ್’. ಮೂಲದಲ್ಲಿ ಪ್ರಾಣಿಯ ಬಾಯಿಗೆ ಹೇಳುವ ‘ಗೆಲ್’ ಇದೆ, ಅದರಿಂದ ವಾಂತಿ ಮಾಡು ಎಂಬ ಒರಟು ಕ್ರಿಯಾಪದ, ಅದರಿಂದ ಈ ಪದ. ಕೊಳಕು ಬಚ್ಚಲಿಗೂ ಸಲ್ಲುತ್ತದೆ, ಬೆನ್ನಿಗೆ ಚೂರಿ ಹಾಕಿದ ಸ್ನೇಹಿತನ ನಡತೆಗೂ ಸಲ್ಲುತ್ತದೆ. ಇಂಗ್ಲಿಷಿನಲ್ಲಿ ಮೊದಲನೆಯದು ‘ಗ್ರೋಸ್’, ಎರಡನೆಯದು ‘ರಾಟನ್’. ಕನ್ನಡದ ‘ಹೇಸಿಗೆ’ಗೆ ಎರಡೂ ಒಗ್ಗುತ್ತವೆ. ಬಾಸ್ ಎದುರು ಮಾತ್ರ ಬೇಡ. ಇದನ್ನೇ ಮೊಟಕು ಮಾಡಿ ‘ಸೆ ಪಾ ದೆಗೆ’ ಅಂದರೆ ‘ಹೇಸಿಗೆಯೇನಲ್ಲ’, ಅಂದರೆ ಚೆನ್ನಾಗಿಯೇ ಇದೆ! ನಮ್ಮಲ್ಲಿ ಅಜ್ಜಂದಿರು ‘ಪರವಾಗಿಲ್ಲ’ ಎಂದು ಹೊಗಳುವ ಹಾಗೆ.

‘ಜೆ ಒರೆರ್ ದ...’ ಕೇಳಿ ಹೆದರಬೇಡಿ, ‘ಹಾರರ್’ ಏನಿಲ್ಲ. ಮುಂದೆ ‘ಕಾಯುವುದು’ ಎಂದು ಸೇರಿಸಿದರೆ, ಕಾಯುವುದೆಂದರೆ ನನಗಾಗದು ಎನ್ನುವಷ್ಟೇ ರೇಜಿಗೆ, ‘ಐ ಹೇಟ್ ವೇಟಿಂಗ್’.

ಹೃದಯದ ವಿಷಯದಲ್ಲಿ ಮಾತ್ರ ನಿಜಕ್ಕೂ ಎಚ್ಚರ ಬೇಕು. ‘ಮಾಲ್ ಓ ಕೆರ್’ ಪದಶಃ ಹೃದಯದ ನೋವು. ಆದರೆ ಅದು ವಾಕರಿಕೆ, ‘ನಾಸಿಯಾ’. ಎದೆನೋವಿಗೆ ಡಾಕ್ಟರ ಮುಂದೆ ಹೀಗಂದರೆ ಅವರು ಮೊದಲು ಹೊಟ್ಟೆಯ ವಿಚಾರ ಕೇಳಿಯಾರು. ಅದೇ ‘ಕೆರ್’ನಿಂದ ಬಂದದ್ದು ‘ಎಕೆರಾಂ’, ವಾಕರಿಕೆ ತರಿಸುವಂಥದ್ದು.

ಮಾಂಟ್ರಿಯಲ್‌ನಲ್ಲಿರುವ ನನ್ನ ಹಳೆಯ ವಿದ್ಯಾರ್ಥಿನಿ ಒಮ್ಮೆ ಪಕ್ಕದ ಮನೆಗೆ ಬಿಸಿಬೇಳೆಬಾತ್ ಕೊಟ್ಟಳು. ಪಕ್ಕದ ಮನೆಯಾಕೆ ಒಂದು ಚಮಚ ಬಾಯಿಗಿಟ್ಟು ‘ಎಕೆರಾಂ!’ ಎಂದರಂತೆ. ಇವಳು ಮುಖ ಸಣ್ಣ ಮಾಡಿಕೊಂಡು ನನಗೆ ಫೋನ್ ಮಾಡಿದಳು. ಮಾಂಟ್ರಿಯಲ್ ಇರುವ ಕೆನಡಾದ ಕ್ವಿಬೆಕ್ ಪ್ರಾಂತ್ಯದ ಆಡುಮಾತಿನಲ್ಲಿ ಅದರರ್ಥ ‘ಸಖತ್ತಾಗಿದೆ’. ಇನ್ನೊಂದು ಡಬ್ಬಿ ಕೊಟ್ಟು ಬಾ ಎಂದೆ.